ಮನೆ ಅಳಿಯ

ಗೊತೊ ದ್ವೀಪದ ಪುರಸಭೆಯಲ್ಲಿ ಮೂವತ್ತೆಂಟು ವರ್ಷ
ಕುಟುಂಬಗಳ ವಹಿ ಬರೆದವನು ನಾನು.
ಹುಟ್ಟಿದವರನ್ನು ಒಳಗೆ ತಂದೆ,
ಮದುವೆಯಾದವರನ್ನು ಹಾಳೆಯಿಂದ ಹಾಳೆಗೆ ದಾಟಿಸಿದೆ,
ಸತ್ತವರ ಮೇಲೆ ಅಡ್ಡಗೀಟು ಎಳೆದೆ.
ಅಕ್ಷರ ಚೆನ್ನಾಗಿತ್ತು. ಅದೊಂದೇ ಜಂಬ.

ಅದಕ್ಕೇ ಇರಬೇಕು, ನಾಗಸಾಕಿಯ ಆಸ್ಪತ್ರೆಯಲ್ಲಿ
ಡಾಕ್ಟರ್ ಹಮಸಾಕಿ, ಮೊಮ್ಮಗಳ ವಯಸ್ಸಿನವಳು,
ತಿರುಚಿದ ಏಣಿಯೊಂದನ್ನು ಬರೆದು ವಿವರಿಸತೊಡಗಿದಾಗ
ಅರ್ಧದಲ್ಲೇ ನನಗೆ ತಿಳಿದುಹೋಯಿತು.

ಅದು ಬರುವಾಗ ತನ್ನದೇ ಲಿಪಿಯಲ್ಲಿ ಬರುತ್ತದಂತೆ,
ಈ ಮನೆಯಲ್ಲಿ ಯಾರೂ ಕಾಪಿಡದ ತೆಳು ಚೀಟಿಯಲ್ಲಿ.
ಒಳಗೆ ಕೂತು ತನ್ನನ್ನು ಹಿಂದುಮುಂದಾಗಿ
ನಮ್ಮ ಲಿಪಿಗೆ ನಕಲು ಮಾಡಿಕೊಳ್ಳುತ್ತದೆ.
ಗುಮಾಸ್ತನನ್ನೂ ಕತ್ತರಿಯನ್ನೂ ಜೊತೆಗೇ ತಂದಿರುತ್ತದೆ.
ಆಮೇಲೆ ವಹಿಯನ್ನು ಎಲ್ಲೋ ಒಂದು ಕಡೆ ತೆರೆದು
ಎರಡು ಅಕ್ಷರದ ನಡುವೆ ಕೊಯ್ದು
ತನ್ನನ್ನು ಇಟ್ಟು ಹೊಲಿದುಬಿಡುತ್ತದೆ.
ಹೊಲಿಗೆಯ ಆಚೀಚೆ
ನಮ್ಮದೇ ಆರು ಅಕ್ಷರ ಎರಡು ಸಲ ಬಿದ್ದಿರುತ್ತವೆ,
ಅವಸರದ ನಕಲುಗಾರನ ಕೈತಪ್ಪು.

"ಮೊಹರು ಯಾರದು?" ಕೇಳಿದೆ.
"ನಿಮ್ಮ ಜೀವಕೋಶದ್ದೇ, ಅಜ್ಜ. ಹರಿದದ್ದನ್ನು ರಿಪೇರಿ ಮಾಡಿ
ಅದೇ ಒತ್ತಿಕೊಡುತ್ತದೆ."

ಅಲ್ಲಿಂದ ಅದು ನೆಂಟನಲ್ಲ, ಮನೆಯವನು.
ಕೋಶ ಎರಡಾದರೆ ಅದೂ ಎರಡು.
ಮೊದಲಿನಿಂದ ಓದಿದರೆ ಬಾಯಿ ಬಿಡುವುದಿಲ್ಲ,
ಕಾವಲಿನವರು ಕೇಳಿಸಿಕೊಂಡಾರು.
ಕೊನೆಯಿಂದ ಹಿಂದಕ್ಕೆ ಓದಿದರೆ ಮಾತ್ರ
ಒಂದೇ ಮಾತು, ಮೆಲ್ಲಗೆ:
ಬೆಳಿ, ಬೆಳಿ.

ಬಂದ ಬಾಗಿಲು ಅಮ್ಮನ ಎದೆ.
ಯುದ್ಧ ಮುಗಿದ ವರ್ಷ ಹುಟ್ಟಿದವನು ನಾನು;
ಗೆಣಸು ಬಿಟ್ಟರೆ ಮನೆಯಲ್ಲಿ ಬೇರೇನಿರಲಿಲ್ಲ,
ಅಮ್ಮ ಮೂರು ವರ್ಷ ಹಾಲೂಡಿಸಿದಳು.
ನೆರೆಯವರು ಹೊಗಳಿದ್ದರಂತೆ.
ನಾನು ಈಗಲೂ ಹೊಗಳುತ್ತೇನೆ. ಬೇರೆ ಮಾತಾಡಿದವರ ಮುಂದಿಂದ
ಎದ್ದು ಹೋಗುತ್ತೇನೆ.

ಇನ್ನು ನನ್ನ ಸಂಗತಿ.
ನಾನು ಮೂರನೆಯ ಮಗ. ಮಿಚಿಶಿತಾ ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ,
ಕ್ಯಾಮೆಲಿಯಾ ಎಣ್ಣೆಯ ಗಾಣವಿತ್ತು, ಮಿಸಾವೊ ಇದ್ದಳು.
ಮನೆ ಅಳಿಯನಾಗಿ ಹೋದೆ.
ಹುಟ್ಟುಮನೆಯ ಹೆಸರು ಹೊಡೆದು
ಅವಳ ಹಾಳೆಯಲ್ಲಿ ನನ್ನನ್ನು ನಾನೇ ಬರೆದುಕೊಂಡೆ,
ಆ ದಿನ ಕಚೇರಿಯಲ್ಲಿ ಬೇರೆ ಗುಮಾಸ್ತನಿರಲಿಲ್ಲ.
ಎಲ್ಲರೂ ನಕ್ಕರು. ನಾನೂ.

ಹಾಲಲ್ಲಿ ಬಂದದ್ದು ಹಾಸಿಗೆಯಲ್ಲಿ ದಾಟಿತು,
ಮಿಸಾವೊಗೆ; ಅವಳಿಂದ ಮಗಳಿಗೆ; ಮಗಳಿಂದ ನತ್ಸುಮೆಗೆ,
ಒಸಾಕಾದಲ್ಲಿ ಆಗ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ.
ಮಿಸಾವೊ ಬೇರೇನೋ ಕಾಯಿಲೆಯಲ್ಲಿ ಹೋದಳು, ತಿಳಿಯದೆ.
ನೂರರಲ್ಲಿ ತೊಂಬತ್ತೈದು ಜನಕ್ಕೆ
ಅದರಿಂದ ಏನೂ ಆಗುವುದಿಲ್ಲವಂತೆ.
ಉಳಿದ ಐವರಲ್ಲಿ ನಾನು.

ಸೂಕ್ಷ್ಮದರ್ಶಕದಲ್ಲಿ ನನ್ನ ರಕ್ತ ತೋರಿಸಿದಳು.
ಕೋಶದ ನಡುವಿನ ತಿರುಳು ಎಸಳೆಸಳಾಗಿ ಬಿರಿದಿದೆ,
ಹೂಕೋಶ ಎಂದೇ ಅದಕ್ಕೆ ಹೆಸರು.
ನಮ್ಮ ಗುಡ್ಡದ ಕ್ಯಾಮೆಲಿಯಾ ನೆನಪಾಯಿತು; ಹೇಳಲಿಲ್ಲ.
ಬೀಜ ಹಿಂಡಿದವನಿಗೆ ಹೂವಿನ ಮೇಲೆ ಅಷ್ಟು ಮೋಹವಿರುವುದಿಲ್ಲ.
ಕೋಟಿ ಕೋಶ; ಒಂದೊಂದರಲ್ಲೂ
ಅದೇ ಹಾಳೆ, ಅದೇ ಸಾಲು, ಅದೇ ಕೊಯ್ತ.
ಅಂದರೆ ಎಲ್ಲ ಒಬ್ಬಳೇ ಅಜ್ಜಿಯ ಸಂತಾನ.
ಇಷ್ಟು ತಪ್ಪಿಲ್ಲದ ವಂಶಾವಳಿ ನಾನೂ ಬರೆದಿರಲಿಲ್ಲ.

ಮೊನ್ನೆ ನತ್ಸುಮೆ ಹೆತ್ತಳು.
ಸೂಲಗಿತ್ತಿ ಹೇಳಿದಂತೆ ಎದೆಗೆ ಬಟ್ಟೆ ಬಿಗಿದು
ಬಾಟಲಿಯಲ್ಲಿ ಪುಡಿಹಾಲು.
ಮೂರನೆಯ ರಾತ್ರಿ ಬಟ್ಟೆ ನೆನೆದಿತ್ತಂತೆ,
ಕೂಸು ಅಲ್ಲಿಗೇ ಮುಖ ಒತ್ತುತ್ತಿತ್ತಂತೆ.
ಫೋನಿನಲ್ಲಿ ಅತ್ತಳು. ಕ್ಷಮಿಸು ಎನ್ನಲು ನನಗೆ ಬಾಯಿ ಬರಲಿಲ್ಲ.
ಹೆಸರು ಯಾವ ಅಕ್ಷರಗಳಲ್ಲಿ ಬರೆಯುತ್ತೀರಿ ಎಂದು ಕೇಳಿದೆ.
ಬಿಡಿಸಿ ಬಿಡಿಸಿ ಹೇಳಿದಳು.

ಹಳೆಯ ಕುಂಚ ತೆಗೆದು ಶಾಯಿ ತೇಯ್ದೆ.
ಹೊಸ ಹಾಳೆ. ನಡುವೆ ಕೂಸಿನ ಹೆಸರು,
ಆಚೀಚೆ ಖಾಲಿ.
ಕೈ ನಡುಗುತ್ತದೆ.
ಅಕ್ಷರ ಪರವಾಗಿಲ್ಲ.